ಒಂಬತ್ತನೆಯ ಸಾಲು

ತೆರಿಗೆ ಎಂದರೆ ಜನ ಸುಳ್ಳು ಹೇಳುತ್ತಾರೆ ಎಂಬ ಮಾತಿದೆ. ಇಪ್ಪತ್ತಮೂರು ವರ್ಷದಿಂದ ಕಂಡವರ ರಿಟರ್ನು ತುಂಬಿ ಹೊಟ್ಟೆ ಹೊರೆಯುತ್ತಿರುವ ನನ್ನನ್ನು ಕೇಳಿ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಮೈ ಬಗ್ಗಿಸಬೇಕು, ಹೇಳಿದ್ದನ್ನು ನೆನಪಿಟ್ಟುಕೊಳ್ಳಬೇಕು. ಹೆಚ್ಚಿನವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಅವರು ಕೊನೆಯ ಪುಟ ಓದುವುದಿಲ್ಲ, ಅಷ್ಟೇ.

ಆ ಪುಟದ ತಲೆಬರಹ ‘ಹೆಚ್ಚುವರಿ ತೆರಿಗೆಗಳು’. ಅದರಲ್ಲಿ ಹನ್ನೆರಡು ಸಾಲು. ಒಂಬತ್ತನೆಯದು ಹೀಗಿದೆ: ‘ಮನೆಗೆಲಸಕ್ಕಾಗಲಿ ಆರೈಕೆಗಾಗಲಿ ಯಾರನ್ನಾದರೂ ಸಂಬಳಕ್ಕೆ ಇಟ್ಟುಕೊಂಡಿದ್ದೀರಾ?’ ಹೌದು ಎಂದರೆ ಆ ಸಂಬಳದ ಮೇಲೆ ಒಂದು ಪಾಲು ಕಟ್ಟಬೇಕು. ಕಟ್ಟಿದ್ದು ಕೆಲಸದವರ ಹೆಸರಿನಲ್ಲಿ ಜಮೆಯಾಗಿ, ಹತ್ತು ವರ್ಷ ತುಂಬಿದರೆ ಅವರಿಗೆ ಮುಪ್ಪಿನಲ್ಲಿ ಪಿಂಚಣಿಯಾಗುತ್ತದೆ. ನನ್ನ ಬಳಿ ಬರುವ ನೂರ ನಲವತ್ತು ಮನೆಗಳಲ್ಲಿ ಗುಡಿಸುವವರು, ಪಾತ್ರೆ ತೊಳೆಯುವವರು, ಮಗು ನೋಡಿಕೊಳ್ಳುವವರು ಇದ್ದೇ ಇದ್ದಾರೆ. ಆ ಸಾಲಿನಲ್ಲಿ ನಾನು ‘ಹೌದು’ ಎಂದು ಬರೆದದ್ದು ಈಗ ಹೇಳಹೊರಟಿರುವುದನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಮೂರು ಸಲ. ಅದರಲ್ಲಿ ಒಂದು ಸಲ ಕೈತಪ್ಪಿ.

ನನ್ನ ಕೋಣೆ ಇಸ್ತ್ರಿ ಅಂಗಡಿಯ ಮೇಲಿದೆ. ಕೆಳಗಿನಿಂದ ಬಿಸಿ ಬಟ್ಟೆಯ ವಾಸನೆ ಬರುತ್ತಿರುತ್ತದೆ. ಒಂದು ಮೇಜು, ಎರಡು ಕುರ್ಚಿ, ಕಂಪ್ಯೂಟರು, ಮುಚ್ಚಿದರೆ ತೆರೆಯದ, ತೆರೆದರೆ ಮುಚ್ಚದ ಒಂದು ಬೀರು. ಬೀದಿಯವರು ನನ್ನನ್ನು ‘ರಿಟರ್ನಮ್ಮ’ ಎನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಏನೋ ಕೇಡು ಕಾದಿದೆ ಎಂದು ಗಾಬರಿಯಾಗುತ್ತದೆ.

ಮೇಷ್ಟ್ರ ರಿಟರ್ನು ತುಂಬಲು ಮಾತ್ರ ನಾನೇ ಅವರ ಮನೆಗೆ ಹೋಗುತ್ತಿದ್ದೆ. ಅವರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತರಾದ ವರ್ಷವೇ ಅವರ ಹೆಂಡತಿಗೆ ಪಾರ್ಶ್ವವಾಯು ಬಡಿದು ಬಲಭಾಗ ಪೂರಾ ಬಿದ್ದುಹೋಯಿತು. ಮೂರು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಆಕೆಯ ಮಂಚ. ಮಕ್ಕಳಿರಲಿಲ್ಲ. ರಿಟರ್ನು ತುಂಬುವ ದಿನ ಆಕೆಯ ಎದುರಿಗೇ ಎಲ್ಲ ನಡೆಯಬೇಕೆಂಬುದು ಆ ಮನೆಯ ಕಟ್ಟಳೆ. ನಾನು ಒಂದೊಂದೇ ಸಾಲು ಬರೆಯುವುದು, ಮೇಷ್ಟ್ರು ಅದನ್ನು ಪರೀಕ್ಷೆಯ ಅಂಕ ಓದುವ ಹಾಗೆ ಗಟ್ಟಿಯಾಗಿ ಓದಿ ಹೇಳುವುದು, ಮಂಚದ ಮೇಲಿಂದ ಆಕೆ ‘ಹೂಂ’ ಅನ್ನುವುದು. ತೆರಿಗೆ ಕಟ್ಟುವುದನ್ನು ಇಷ್ಟು ಸಂಭ್ರಮದಿಂದ ಮಾಡುವ ಇನ್ನೊಂದು ಮನೆ ನಾನು ಕಂಡಿಲ್ಲ.

ಆ ಮನೆಯಲ್ಲಿ ಮೂರನೆಯವಳೊಬ್ಬಳಿದ್ದಳು. ಮೇಷ್ಟ್ರ ಹೆಂಡತಿಯನ್ನು ನೋಡಿಕೊಳ್ಳಲು ಬಂದವಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎತ್ತಿ ಕೂರಿಸುವುದು, ಮೈ ಒರೆಸುವುದು, ಮಲಮೂತ್ರ ತೆಗೆಯುವುದು, ಚಮಚದಲ್ಲಿ ಉಣಿಸುವುದು, ರಾತ್ರಿ ಅದೇ ಮಂಚದ ಕಾಲಬದಿಗೆ ಚಾಪೆ ಹಾಸಿ ಮಲಗುವುದು. ಬಂದ ಹದಿನೈದು ದಿನಕ್ಕೇ ಮೇಷ್ಟ್ರು ಅವಳನ್ನು ‘ತಂಗಿ’ ಎಂದು ಕರೆಯತೊಡಗಿದರು. ತಮ್ಮನ್ನು ‘ಅಣ್ಣ’ ಎನ್ನಬೇಕು, ಹೆಂಡತಿಯನ್ನು ‘ಅತ್ತಿಗೆ’ ಎನ್ನಬೇಕು ಎಂದರು. ಮನೆಯಲ್ಲಿ ಕರೆದದ್ದು ಬೀದಿಗೆ ಬಂತು. ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅವಳನ್ನು ನಾನೂ ತಂಗಮ್ಮ ಎನ್ನತೊಡಗಿದೆ.

ಮೊದಲ ವರ್ಷ ಕೊನೆಯ ಪುಟಕ್ಕೆ ಬಂದಾಗ ನಾನು ಕೇಳಿದ್ದೆ.

“ಒಂಬತ್ತನೇ ಸಾಲು ಮೇಷ್ಟ್ರೇ. ತಂಗಮ್ಮನಿಗೆ ಸಂಬಳ ಅಂತ ಕೊಡ್ತೀರಲ್ಲ?”

“ಸಂಬಳ ಅಲ್ಲಮ್ಮ, ಕೈಖರ್ಚು,” ಎಂದರು ಮೇಷ್ಟ್ರು, ತುಸು ನೊಂದುಕೊಂಡೇ.

ಮಂಚದಿಂದ ಆಕೆ ತೊದಲುತ್ತಾ ಹೇಳಿದರು: “ಆಳು ಅಂತ ಬರೀಬೇಡಿ. ಅವಳು ಮನೆಯವಳು.”

ತಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಬಂತು. ಬಾರದೆ ಇರುತ್ತದೆಯೇ? ಅದಕ್ಕೆ ಮುಂಚೆ ಮೂವತ್ತು ವರ್ಷ ಬೇರೆ ಬೇರೆ ಮನೆಗಳಲ್ಲಿ ‘ಏ’ ಎಂದು ಕರೆಸಿಕೊಂಡವಳು ಅವಳು.

ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡನೆಯ ಪುಟದಲ್ಲಿ ಅವಲಂಬಿತರ ಪಟ್ಟಿ ಇದೆ, ಅಂದರೆ ನಮ್ಮ ಅನ್ನ ಉಂಡು ನಮ್ಮ ಮನೆಯಲ್ಲೇ ಇರುವ, ಸ್ವಂತ ಸಂಪಾದನೆಯಿಲ್ಲದ ನೆಂಟರ ಪಟ್ಟಿ. ಹೆಂಡತಿಯ ಹೆಸರಿನ ಕೆಳಗೆ ತಂಗಮ್ಮನ ಹೆಸರು ಬರೆಸಿದರು. ಸಂಬಂಧ: ತಂಗಿ. ಹಾಗೆ ಬರೆದರೆ ಒಂದಿಷ್ಟು ತೆರಿಗೆ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವಳು ಅವರ ಒಡಹುಟ್ಟಿದವಳಲ್ಲ ಎಂದೂ ಗೊತ್ತಿತ್ತು. ಗಿರಾಕಿಗೆ ಸಂತೋಷ, ರೋಗಿಗೆ ಸಂತೋಷ, ಆ ತಂಗಿಗೂ ಸಂತೋಷ. ನಡುವೆ ನಾನ್ಯಾಕೆ ಕಲ್ಲು ಹಾಕಲಿ ಎಂದು ಬರೆದೆ. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ ಬರೆದೆ. ಪ್ರತಿ ವರ್ಷ ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು: “ಅವಲಂಬಿತರು. ಒಂದು, ಹೆಂಡತಿ. ಎರಡು, ತಂಗಿ.” ಮಂಚದ ಮೇಲೆ ಆಕೆಯ ಅರ್ಧ ಮುಖ ನಗುತ್ತಿತ್ತು.

ಪ್ರತಿ ತಿಂಗಳ ಒಂದನೇ ತಾರೀಕು ಅಡುಗೆಮನೆಯಲ್ಲಿ ಟೀ ಪುಡಿಯ ಡಬ್ಬಿಯ ಕೆಳಗೆ ಒಂದು ಲಕೋಟೆ ಇರುತ್ತಿತ್ತು. ಕೊಟ್ಟೆ ಎಂದು ಯಾರೂ ಹೇಳುತ್ತಿರಲಿಲ್ಲ, ತಗೊಂಡೆ ಎಂದು ಯಾರೂ ಹೇಳುತ್ತಿರಲಿಲ್ಲ.

ಮೇಷ್ಟ್ರ ಹೆಂಡತಿ ತೀರಿಕೊಂಡು ಐದು ತಿಂಗಳಿಗೆ ತಂಗಮ್ಮ ನನ್ನ ಕೋಣೆಗೆ ಬಂದಳು. ಹತ್ತೊಂಬತ್ತು ಮೆಟ್ಟಿಲು ಹತ್ತಲು ಅವಳಿಗೆ ಎಷ್ಟು ಹೊತ್ತಾಯಿತೆಂದರೆ, ಕೆಳಗಿನ ಇಸ್ತ್ರಿಯವನು “ಮೇಲೆ ಬರ್ತಿದಾರೆ ನೋಡಿ” ಎಂದು ಕೂಗಿ ಹೇಳಿದ ಮೇಲೂ ನಾನು ಒಂದು ರಿಟರ್ನು ಮುಗಿಸಿದೆ. ಹನ್ನೊಂದು ವರ್ಷ ಒಂದು ಹೆಣಭಾರದ ದೇಹ ಎತ್ತಿ ಇಳಿಸಿ ಅವಳ ಎರಡೂ ಮಂಡಿ ಸವೆದುಹೋಗಿದ್ದವು. ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಚೀಟಿ ಮುಂದಿಟ್ಟಳು.

“ಪಿಂಚಣಿ ಆಫೀಸಿಗೆ ಹೋಗಿದ್ದೆ ಅಮ್ಮಾ. ಬರೋ ತಿಂಗಳಿಗೆ ಅರವತ್ತೆರಡು ತುಂಬುತ್ತೆ. ಅಣ್ಣ ಮನೆ ಖಾಲಿ ಮಾಡಿ ಮೇಷ್ಟ್ರುಗಳ ವೃದ್ಧಾಶ್ರಮ ಸೇರ್ಕೋತಿದಾರೆ. ನನಗೊಂದು ಕೋಣೆ ಬಾಡಿಗೆ ಅಷ್ಟು ಪಿಂಚಣಿ ಬಂದ್ರೆ ಸಾಕಿತ್ತು. ಅಲ್ಲಿ ಆ ಹುಡುಗಿ ನನ್ನ ಹೆಸರೇ ಇಲ್ಲ ಅಂದ್ಲು.”

ಚೀಟಿಯಲ್ಲಿ ಎರಡೇ ಸಾಲು. ‘ದುಡಿಮೆಯ ದಾಖಲೆ: ಇಲ್ಲ. ಹನ್ನೊಂದು ವರ್ಷ ಸಹೋದರನ ಅವಲಂಬಿತೆ.’

“ಅದಕ್ಕಿಂತ ಹಿಂದಿನ ಮನೆಗಳೋರು?”

“ಅವರೂ ಬರೆಸಿಲ್ಲ. ಆದ್ರೆ ಅವರ ಮೇಲೆ ನನಗೆ ಆಸೇನೂ ಇರ್ಲಿಲ್ಲ ಬಿಡಿ,” ಎಂದಳು. “ಅಣ್ಣನ ಮನೇಲಿ ಎಲ್ಲಾ ಲೆಕ್ಕ ಸರಿ ಇರುತ್ತೆ ಅಂದ್ಕೊಂಡಿದ್ದೆ. ನೀವೇ ಬಂದು ಬರೀತಿದ್ರಲ್ಲ.”

ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಅದನ್ನು ಕುಟುಕಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಹನ್ನೊಂದು ಸಲ ನನ್ನ ಬೆರಳು ಒತ್ತಿದ ಆ ಅಕ್ಷರಗಳು ಅವಳ ಹನ್ನೊಂದು ವರ್ಷವನ್ನು ಅಳಿಸಿಹಾಕಿದ್ದವು. ನನಗೆ ನಾಚಿಕೆಯಾಯಿತು, ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ನಾನು ಯೋಚಿಸುವುದಿಲ್ಲ. ನನ್ನ ಜಾತಕವೇ ಹಾಗೆ.

“ಎಲ್ಲಾ ತಿದ್ದಿಸ್ತೀನಿ,” ಎಂದೆ. “ಹಳೇ ರಿಟರ್ನುಗಳನ್ನ ತಿದ್ದಿ ಮತ್ತೆ ಹಾಕಬಹುದು. ಒಂಬತ್ತನೇ ಸಾಲಲ್ಲಿ ನಿಮ್ಮ ಸಂಬಳ ತೋರಿಸಿ, ಮೇಷ್ಟ್ರು ಹೆಚ್ಚುವರಿ ತೆರಿಗೆ ಕಟ್ಟಿದ್ರೆ ನಿಮ್ಮ ಹೆಸರು ದಾಖಲೆಗೆ ಬರುತ್ತೆ.”

“ಆ ಹುಡುಗಿ ಇನ್ನೊಂದು ಅರ್ಜಿ ಕೊಟ್ಟಿದ್ಲು. ಏನೂ ಇಲ್ಲದೋರಿಗೆ ಸರ್ಕಾರ ತಿಂಗಳಿಗಿಷ್ಟು ಅಂತ ಕೊಡುತ್ತಂತಲ್ಲ, ಅದು. ತುಂಬಿಸಿ ಕೊಟ್ಟು ಬಂದಿದೀನಿ.”

“ಆ ಭಿಕ್ಷೆ ಯಾಕೆ ನಿಮಗೆ? ದುಡಿದಿದ್ದೀರಿ, ಹಕ್ಕಿನ ಪಿಂಚಣಿ ತಗೊಳ್ಳಿ,” ಎಂದೆ. ಈ ಮಾತು ಹೇಳುವಾಗ ನನ್ನ ಎದೆ ಉಬ್ಬಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮಾರನೆಯ ದಿನ ಇಬ್ಬರೂ ಮೇಷ್ಟ್ರ ಮನೆಗೆ ಹೋದೆವು. ಅರ್ಧ ಸಾಮಾನು ರಟ್ಟಿನ ಪೆಟ್ಟಿಗೆಗಳಲ್ಲಿತ್ತು. ಮಂಚ ಕಳಚಿ ಗೋಡೆಗೆ ಒರಗಿಸಿದ್ದರು. ನಾನು ವಿಷಯ ಹೇಳಿ ಮುಗಿಸಿದೆ.

“ನಾನು ಲೆಕ್ಕ ತಪ್ಪಿದೀನಿ ಅನ್ನು,” ಎಂದರು ಮೇಷ್ಟ್ರು.

“ಇಬ್ಬರೂ ತಪ್ಪಿದೀವಿ ಮೇಷ್ಟ್ರೇ. ಬರೆದೋಳು ನಾನು.”

“ಎಷ್ಟಾಗುತ್ತೆ ಕಟ್ಟೋದು?”

ಹೇಳಿದೆ. ಬಾಕಿ ತೆರಿಗೆ, ಅದರ ಮೇಲೆ ಬಡ್ಡಿ, ಬಡ್ಡಿಯ ಮೇಲೆ ದಂಡ. ವೃದ್ಧಾಶ್ರಮದಲ್ಲಿ ಒಂಟಿ ಕೋಣೆಗೆಂದು ಇಟ್ಟುಕೊಂಡಿದ್ದ ಠೇವಣಿಯ ಹಣ ಅದಕ್ಕೇ ಸರಿಹೋಗುತ್ತಿತ್ತು.

“ಹೋಗಲಿ. ಮೂರು ಜನರ ಕೋಣೆಯಲ್ಲಿ ಇರ್ತೀನಿ. ಹಾಸ್ಟೆಲಿನ ವಾರ್ಡನ್ ಆಗಿದ್ದೋನು ನಾನು, ಈಗ ಹುಡುಗ ಆಗ್ತೀನಿ,” ಎಂದು ನಗಲು ನೋಡಿದರು.

ತೆರಿಗೆ ಕಚೇರಿಗೆ ಒಂದು ಹೇಳಿಕೆಯೂ ಬೇಕಿತ್ತು. ಅವರ ಕೈಯಕ್ಷರದಲ್ಲೇ. ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು. ‘ಈ ಕೆಳಗೆ ಸಹಿ ಮಾಡಿರುವ ನಾನು ಹನ್ನೊಂದು ವರ್ಷ ತಪ್ಪು ಮಾಹಿತಿ ನೀಡಿರುತ್ತೇನೆ’ ಎನ್ನುವ ತನಕ ಪೆನ್ನು ಸರಾಗವಾಗಿ ಓಡಿತು. ‘ಸದರಿ ಮಹಿಳೆ ನನ್ನ ತಂಗಿಯಲ್ಲ, ಯಾವ ರೀತಿಯ ಸಂಬಂಧಿಯೂ ಅಲ್ಲ, ಸಂಬಳಕ್ಕೆ ಇದ್ದ ಕೆಲಸದವಳು’ ಎಂದೆ. ಪೆನ್ನು ನಿಂತಿತು.

ತಂಗಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು. “ಬರೀರಿ ಅಣ್ಣ. ನನಗೇನೂ ಬೇಜಾರಿಲ್ಲ.”

“ನನಗಿದೆ,” ಎಂದರು ಮೇಷ್ಟ್ರು.

ಆದರೂ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಲಿಲ್ಲ. ಸಹಿ ಮಾಡಿ ಕಾಗದ ನನ್ನ ಕೈಗಿಟ್ಟು, ಕಳಚಿದ ಮಂಚದ ಪಕ್ಕ ಹೋಗಿ ಕಿಟಕಿಯಾಚೆ ನೋಡುತ್ತ ನಿಂತರು. ತಂಗಮ್ಮ ಟೀ ತಂದು ಅವರ ಮುಂದೆ ಹಿಡಿದಳು. “ಟೀ ತಗೊಳ್ಳಿ ಮೇಷ್ಟ್ರೇ,” ಎಂದಳು. ಅವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಮೇಷ್ಟ್ರು ಲೋಟ ತಗೊಂಡರು, ಕುಡಿಯಲಿಲ್ಲ.

ತೆರಿಗೆ ಕಚೇರಿಯ ಗುಮಾಸ್ತ ಒಳ್ಳೆಯವನೇ. ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲ. ಹನ್ನೊಂದೂ ರಿಟರ್ನುಗಳನ್ನು ಮಗುಚಿ ನೋಡಿ, ಎಂಟನ್ನು ಎತ್ತಿ ಪಕ್ಕಕ್ಕಿಟ್ಟ.

“ಮೂರು ವರ್ಷದ್ದು ಮಾತ್ರ ತಿದ್ದೋಕಾಗೋದು ಮೇಡಂ. ಅದಕ್ಕಿಂತ ಹಿಂದಿನದು ಕಾಲ ಮೀರಿದೆ. ನಿಮಗೆ ಗೊತ್ತಿಲ್ದೇ ಇರೋದಾ?”

“ವಿಶೇಷ ಕಾರಣ ಅಂತ ಸಾಹೇಬರಿಗೆ ಬರೆದುಕೊಟ್ಟರೆ ತೆಗೀತಾರಲ್ಲ?”

“ತೆರಿಗೆದಾರ ಸತ್ತಿದ್ರೆ, ಇಲ್ಲಾ ಬುದ್ಧಿಭ್ರಮಣೆ ಆಗಿದ್ರೆ. ಪ್ರೀತಿ ಹೆಚ್ಚಾಯ್ತು ಅನ್ನೋದಕ್ಕೆ ಕಲಂ ಇಲ್ಲ.”

ಸಾಹೇಬರ ಹತ್ತಿರವೂ ಹೋದೆ. ಅವರು ನಿಯಮದ ಪುಸ್ತಕ ನನ್ನ ಕಡೆ ತಿರುಗಿಸಿಟ್ಟು ಫೋನಿನಲ್ಲಿ ಮಾತಾಡತೊಡಗಿದರು. ಮೂರೇ ವರ್ಷ. ಪಿಂಚಣಿಗೆ ಹತ್ತು ಬೇಕು. ಹಾಗಿದ್ದರೆ ಆ ಮೂರು ತಾನೇ ಯಾಕೆ, ಎಲ್ಲ ವಾಪಸು ಒಯ್ಯೋಣ ಎಂದುಕೊಂಡು ಕೆಳಗಿಳಿದರೆ ಗುಮಾಸ್ತ ಆ ಮೂರಕ್ಕೂ ಹೇಳಿಕೆಗೂ ಆಗಲೇ ಠಸ್ಸೆ ಹೊಡೆದು ಒಳಗೆ ಕಳಿಸಿದ್ದ. ಬೇಗ ಮಾಡಿಕೊಟ್ಟೆ ಮೇಡಂ ಎಂದು ಹಲ್ಲು ಕಿರಿದ. ಮೇಷ್ಟ್ರು ಮೂರು ವರ್ಷದ ತೆರಿಗೆ, ಬಡ್ಡಿ ಕಟ್ಟಿದರು. ತಾವಾಗಿ ಒಪ್ಪಿಕೊಂಡಿದ್ದಕ್ಕೆ ಹನ್ನೊಂದೂ ವರ್ಷಕ್ಕೆ ದಂಡ ಬಿತ್ತು, ಅದನ್ನೂ ಕಟ್ಟಿದರು. ತಿದ್ದುವುದಕ್ಕೆ ಮೂರೇ ವರ್ಷ, ದಂಡಕ್ಕೆ ಮಾತ್ರ ಹನ್ನೊಂದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮದು ಅದಕ್ಕಿಂತ ಅತ್ತ. ಒಲೆ ಉರಿದು ಮನೆಗೇ ಹತ್ತಿಕೊಂಡಿತ್ತು.

ಒಂದೂವರೆ ತಿಂಗಳಿಗೆ ತಂಗಮ್ಮ ಮತ್ತೆ ಮೆಟ್ಟಿಲು ಹತ್ತಿ ಬಂದಳು. ಈ ಸಲ ಕೈಯಲ್ಲಿ ಎರಡು ಕಾಗದ. ಮೊದಲನೆಯದು, ಏನೂ ಇಲ್ಲದವರ ಭತ್ಯೆಗೆ ಅವಳು ಹಾಕಿದ್ದ ಅರ್ಜಿಗೆ ಬಂದ ಉತ್ತರ. ‘ಅರ್ಜಿದಾರಳಿಗೆ ಕಳೆದ ಮೂರು ವರ್ಷ ಸಂಬಳದ ಆದಾಯವಿದ್ದುದು ತೆರಿಗೆ ದಾಖಲೆಯಿಂದ ತಿಳಿದುಬಂದಿದೆ. ಅರ್ಜಿ ತಿರಸ್ಕೃತ.’ ಎರಡನೆಯದು ತೆರಿಗೆ ಕಚೇರಿಯದು. ಅದೇ ಮೂರು ವರ್ಷ ಆದಾಯವಿದ್ದೂ ರಿಟರ್ನು ಸಲ್ಲಿಸದ ಕಾರಣ, ತಿಂಗಳೊಳಗೆ ಸಲ್ಲಿಸಿ ತೆರಿಗೆ ಕಟ್ಟತಕ್ಕದ್ದು.

ಎರಡನ್ನೂ ಎರಡೆರಡು ಸಲ ಓದಿದೆ. ಭತ್ಯೆಯ ನಿಯಮ ನಾನು ಓದಿರಲಿಲ್ಲ. ನಾನು ತೆರಿಗೆಯವಳು, ಭತ್ಯೆಗೂ ನನಗೂ ಏನು ಎಂದುಕೊಂಡಿದ್ದೆ. ಭಿಕ್ಷೆ ಎಂದಿದ್ದೆ.

“ನಾವು ಏನೂ ತಿದ್ದದೇ ಸುಮ್ನಿದ್ದಿದ್ರೆ ಈ ಭತ್ಯೆ ಬರ್ತಿತ್ತಾ ಅಮ್ಮಾ?” ಎಂದು ಕೇಳಿದಳು ತಂಗಮ್ಮ.

“ಬರ್ತಿತ್ತು.”

“ತಿಂಗಳು ತಿಂಗಳೂ?”

“ಸಾಯೋ ತನಕ.”

ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ. “ನೀವು ಒಳ್ಳೇದಕ್ಕೇ ಮಾಡಿದ್ರಿ,” ಎಂದಳು. ಮೇಷ್ಟ್ರೂ ಒಳ್ಳೆಯದಕ್ಕೇ ಮಾಡಿದ್ದರು. ಈ ಹೆಂಗಸಿಗೆ ಕೆಟ್ಟದ್ದಕ್ಕೆ ಅಂತ ಯಾರೂ ಏನೂ ಮಾಡಿರಲಿಲ್ಲ.

ಅವಳ ಜೀವನದ ಮೊದಲ ರಿಟರ್ನು ಅಲ್ಲೇ ಕೂತು ತುಂಬಿದೆ. ಒಂದಲ್ಲ, ಮೂರು. ಸ್ವಂತ ಮನೆ ಇದೆಯೇ, ಇಲ್ಲ. ವಾಹನ, ಇಲ್ಲ. ಬ್ಯಾಂಕಿನಲ್ಲಿ ಬಡ್ಡಿ, ಇಲ್ಲ. ಅವಲಂಬಿತರು, ಇಲ್ಲ. ಕಟ್ಟಬೇಕಾಗಿ ಬಂದ ತೆರಿಗೆ ದೊಡ್ಡದಲ್ಲ, ನನಗೆ ದೊಡ್ಡದಲ್ಲ. ನಾನೇ ಕಟ್ಟುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ. ಬೇಡ ಎನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮೂರನೆಯದಕ್ಕೆ ಸಹಿ ಹಾಕಿ ಪೆನ್ನು ಮುಚ್ಚಿಡುತ್ತ ಕೇಳಿದಳು: “ಮೂರು ವರ್ಷ ದಾಖಲೆಗೆ ಬಂತಲ್ಲ. ಪಿಂಚಣಿಗೆ ಇನ್ನು ಏಳು ತಾನೇ?”

“ಏಳು.”

“ಹಂಗಾದ್ರೆ ಎಲ್ಲಾದ್ರೂ ಕೆಲಸ ನೋಡಿ ಅಮ್ಮಾ. ಎತ್ತೋದು ಇಳಿಸೋದು ಆಗಲ್ಲ. ಮಗು ನೋಡ್ಕೋತೀನಿ, ತರಕಾರಿ ಹೆಚ್ಚಿಕೊಡ್ತೀನಿ, ಕೂತು ಮಾಡೋದು ಏನಾದ್ರೂ. ಸಂಬಳ ಕಮ್ಮಿ ಆದ್ರೂ ಪರವಾಗಿಲ್ಲ. ಒಂಬತ್ತನೇ ಸಾಲಲ್ಲಿ ಬರೆಸೋ ಮನೆ ಆಗ್ಬೇಕು, ಅಷ್ಟೇ.”

ಏಳು ವರ್ಷ ಕಳೆದರೆ ಅವಳಿಗೆ ಅರವತ್ತೊಂಬತ್ತು. ನಾನು ಫೋನು ಕೈಗೆತ್ತಿಕೊಂಡೆ. ಮೊದಲು ಹಲ್ಲಿನ ಡಾಕ್ಟರ ಮನೆಗೆ ಮಾಡಿದೆ. ಅವರ ಸೊಸೆ ಬಾಣಂತಿ, ಆಳು ಬೇಕೆಂದು ಅವರೇ ನನ್ನಲ್ಲಿ ಹೇಳಿಕೊಂಡಿದ್ದರು. ಡಾಕ್ಟರ ಹೆಂಡತಿಗೆ ತಂಗಮ್ಮನ ಹೆಸರು ಕೇಳಿ ಖುಷಿಯೋ ಖುಷಿ. ಸಂಬಳ ಒಪ್ಪಿದರು, ರಜೆ ಒಪ್ಪಿದರು. ಒಂಬತ್ತನೆಯ ಸಾಲಿನ ಮಾತೆತ್ತಿದೆ.

“ಅಯ್ಯೋ, ಅದೆಲ್ಲ ಯಾಕ್ರೀ? ಕಾಗದ ಪತ್ರ ಎಲ್ಲ ಹೊರಗಿನೋರಿಗೆ. ಅವರನ್ನ ನಮ್ಮನೆ ಹಿರಿಯರ ಹಾಗೆ ನೋಡ್ಕೋತೀವಿ.”

ಫೋನು ಇಟ್ಟೆ. “ಏನಂದ್ರು?” ಎಂದಳು ತಂಗಮ್ಮ.

“ಅವರಿಗೆ ಆಗಲೇ ಯಾರೋ ಸಿಕ್ಕಿದಾರಂತೆ.”

ಔಷಧಿ ಅಂಗಡಿಯವರಿಗೆ ಮಾಡಿದೆ, ಇಬ್ಬರು ವಕೀಲರಿಗೆ ಮಾಡಿದೆ. ಎಲ್ಲರೂ ನನ್ನ ಕೈಯಲ್ಲೇ ರಿಟರ್ನು ಬರೆಸುವವರು. ಒಬ್ಬ ವಕೀಲರು ಜೋರಾಗಿ ನಕ್ಕುಬಿಟ್ಟರು. “ನೀವೇ ಎಷ್ಟು ವರ್ಷದಿಂದ ‘ಇಲ್ಲ’ ಅಂತ ಬರೀತಿದ್ದೀರಿ, ಈಗೇನು ಹೊಸದಾಗಿ?” ಎಂದರು.

ತಂಗಮ್ಮ ಎಲ್ಲ ಕೇಳಿಸಿಕೊಂಡು ಕೂತಿದ್ದಳು. ಒಂದು ಕಡೆಯ ಮಾತೇ ಕೇಳಿದರೂ ಇನ್ನೊಂದು ಕಡೆಯದು ಗೊತ್ತಾಗದಷ್ಟು ದಡ್ಡಿಯಲ್ಲ ಅವಳು. ನಾನು ಐದನೆಯ ನಂಬರು ಹುಡುಕುತ್ತಿರುವಾಗ ಮೆಲ್ಲಗೆ ಕೇಳಿದಳು.

“ನಿಮ್ಮ ಮನೇಲಿ?”

“ನಮ್ಮನೇಲಿ ಒಬ್ಬಳು ಬರ್ತಾಳೆ ತಂಗಮ್ಮ. ಬೆಳಿಗ್ಗೆ ಬಂದು ಕಸ ಮುಸುರೆ ಮಾಡಿ ಹೋಗ್ತಾಳೆ. ಒಂಬತ್ತು ವರ್ಷ ಆಯ್ತು.”

“ಅವಳದ್ದು ಬರೆಸಿದೀರಾ?”

ಕೆಳಗೆ ಇಸ್ತ್ರಿಯವನು ಯಾರದೋ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ. ನನ್ನ ಸ್ವಂತ ರಿಟರ್ನು ಆ ಬೀರುವಿನಲ್ಲೇ ಇತ್ತು, ಒಂಬತ್ತೂ ವರ್ಷದ್ದು. ಒಂದರಲ್ಲೂ ಅವಳ ಹೆಸರಿಲ್ಲ.

“ಬರೆದಿದೀನಿ,” ಎಂದೆ.

ತಂಗಮ್ಮನ ಮುಖದಲ್ಲಿ, ಬಂದಾಗಿನಿಂದ ಮೊದಲ ಸಲ, ನಗು ಮೂಡಿತು. “ಹಂಗಾದ್ರೆ ಇನ್ನೊಂದೇ ವರ್ಷ ಅವಳಿಗೆ,” ಎಂದಳು. “ಪುಣ್ಯವಂತೆ.” ಮೇಜಿಗೆ ಕೈಯೂರಿ ಎದ್ದಳು, ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಬುಧವಾರ ಮತ್ತೆ ಬಂದು ವಿಚಾರಿಸುತ್ತೇನೆ ಎಂದು ಹೇಳಿ ಹೊರಟಳು.